ಕೊಕ್ಕರೆ ಉಗುಳಿದ ನೀರು

ಅಣ್ಣ ಶಿಲ್ಪಿ, ತಂಗಿ ನೀರಿನ ಪ್ರಯೋಗಾಲಯದಲ್ಲಿ ಎಂಜಿನಿಯರು. ಅಣೆಕಟ್ಟು, ಕಾಲುವೆ, ಸೇತುವೆಗಳನ್ನು ಮೊಣಕಾಲೆತ್ತರಕ್ಕೆ ಕಟ್ಟಿ, ಅವುಗಳ ಮೇಲೆ ನೀರು ಹರಿಸಿ, ದೊಡ್ಡದರಲ್ಲಿ ಏನಾದೀತು ಎಂದು ಮೊದಲೇ ಹೇಳುವುದು ಅವಳ ಕೆಲಸ. ಹನ್ನೆರಡು ವರ್ಷದಿಂದ ಮಾಡುತ್ತಿದ್ದರೂ ಮನೆಯವರ ಬಾಯಲ್ಲಿ ಅದು ‘ನೀರಾಟ’.

ರೈಲು ನಿಲ್ದಾಣದ ಎದುರಿನ ಚೌಕಕ್ಕೆ ಕಾರಂಜಿ ಮಾಡುವ ಕೆಲಸ ಅಣ್ಣನಿಗೆ ಸಿಕ್ಕಿತು. ಅವನು ಅದರ ಮಾದರಿಯನ್ನು ತಂಗಿಯ ಪ್ರಯೋಗಾಲಯಕ್ಕೇ ತಂದ. ಕತ್ತು ಚಾಚಿ ನಿಂತ ಕಂಚಿನ ಕೊಕ್ಕರೆ. ಎಂಬತ್ತು ಸೆಂಟಿಮೀಟರು ಆಚೆ, ಬೋಗುಣಿ ಹಿಡಿದು ಕೂತ ಹೆಂಗಸು. ಕೊಕ್ಕಿನಿಂದ ಚಿಮ್ಮಿದ ನೀರು ಬಿಲ್ಲಿನಂತೆ ಬಾಗಿ ನೇರ ಬೋಗುಣಿಗೇ ಬೀಳುತ್ತಿತ್ತು. ಸಹೋದ್ಯೋಗಿಗಳೆಲ್ಲ ಕೆಲಸ ಬಿಟ್ಟು ಬಂದು ನೋಡಿದರು. ತಂಗಿಗೆ ಹೆಮ್ಮೆಯಾಯಿತು. ಆ ಹೆಮ್ಮೆ ಐದು ನಿಮಿಷ ಬಾಳಿತು.

“ಚೌಕದಲ್ಲಿ ಎಲ್ಲ ಇದರ ಹತ್ತರಷ್ಟು,” ಎಂದ ಅಣ್ಣ. “ಕೊಕ್ಕರೆ ಹತ್ತರಷ್ಟು, ಹೆಂಗಸು ಹತ್ತರಷ್ಟು, ನೀರಿನ ವೇಗ ಹತ್ತರಷ್ಟು.”

“ವೇಗ ಹತ್ತಲ್ಲ ಅಣ್ಣ, ಮೂರು ಪಟ್ಟು. ಮೂರಕ್ಕಿಂತ ಒಂಚೂರು ಜಾಸ್ತಿ, ಅಷ್ಟೆ.”

“ಅದೇನು ನೀರಿಗೆ ಮಾತ್ರ ಬೇರೆ ನ್ಯಾಯ?”

“ವೇಗವನ್ನ ವೇಗದಿಂದಲೇ ಗುಣಿಸು. ಅದನ್ನ ಉದ್ದದಿಂದ ಭಾಗಿಸು, ಭೂಮಿ ಎಳೆಯೋ ಬಲದ ಲೆಕ್ಕದಿಂದಲೂ ಭಾಗಿಸು. ಮೀಟರು, ಸೆಕೆಂಡು ಎಲ್ಲ ಹೊಡೆದುಹೋಗಿ ಬರೀ ಒಂದು ಸಂಖ್ಯೆ ಉಳಿಯುತ್ತೆ. ಮೇಜಿನ ಮೇಲಿರಲಿ, ಚೌಕದಲ್ಲಿರಲಿ, ಆ ಸಂಖ್ಯೆ ಒಂದೇ ಇದ್ದರೆ ನೀರು ಒಂದೇ ಥರ ಬಾಗುತ್ತೆ. ಭೂಮಿ ಎಳೆಯೋದು ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ. ಅದನ್ನ ನೀನು ಹತ್ತರಷ್ಟು ಮಾಡೋಕಾಗಲ್ಲ. ವೇಗ ಹತ್ತರಷ್ಟು ಮಾಡಿದರೆ ನೀರು ಎಂಟು ಮೀಟರ್ ಬದಲು ಎಂಬತ್ತು ಮೀಟರ್ ಹಾರುತ್ತೆ.”

ಅಣ್ಣ ಹಿಡಿದ ಮೊಲಕ್ಕೆ ಮೂರೇ ಕಾಲು. ಊಟದ ಹೊತ್ತಿಗೆ ವಿಷಯ ಅಮ್ಮನವರೆಗೆ ಹೋಯಿತು. ಅಮ್ಮ ಎರಡೂ ಕಡೆ ಕೇಳಿ ತೀರ್ಪು ಕೊಟ್ಟಳು: “ಅವನು ದೊಡ್ಡವನು. ಹತ್ತು ಅಂದರೆ ಹತ್ತು. ನಾಲ್ಕು ಜನರ ಮುಂದೆ ಅವನ ಮುಖ ಮುರಿಯಬೇಡ.”

ತಂಗಿ ಮರುದಿನ ಚೌಕಕ್ಕೆ, ಪಂಪಿನ ಮೇಸ್ತ್ರಿಯ ಬಳಿ ಹೋದಳು. ಅವನು ಆಗಲೇ ಬೆಂಕಿ ಆರಿಸಲು ಬಳಸುವಂಥ ಪಂಪೊಂದನ್ನು ನೆಲಕ್ಕೆ ಬಿಗಿಯುತ್ತಿದ್ದ.

“ಕೊಕ್ಕರೆ ಬಾಯಿಗೆ ಇದು ಜಾಸ್ತಿ ಅನ್ನಿಸಲ್ವಾ?”

“ಅನ್ನಿಸುತ್ತೆ ತಾಯಿ. ಆದರೆ ನಿಮ್ಮಣ್ಣ ಕೊಟ್ಟ ಕಾಗದದಲ್ಲಿ ಇದೇ ಇದೆ.”

“ಪೈಪಿನ ನಡುವೆ ಒಂದು ವಾಲ್ವು ಹಾಕಿಬಿಡಿ. ಕೈಯಲ್ಲಿ ತಿರುಗಿಸೋ ಚಕ್ರದ್ದು.”

“ಕಾಗದದಲ್ಲಿ ಇಲ್ಲವಲ್ಲ.”

“ಹಾಕಬಾರದು ಅಂತಲೂ ಇಲ್ಲವಲ್ಲ.”

ಮೇಸ್ತ್ರಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಾಲ್ವು ಹಾಕಿದ.

ಮೊದಲ ನೀರನ್ನು ಜನರ ಕಣ್ಣೆದುರೇ ಬಿಡಬೇಕೆಂದು ಅಣ್ಣ ಪಟ್ಟು ಹಿಡಿದಿದ್ದರಿಂದ ಯಾರೂ ಮುಂಚೆ ಪರೀಕ್ಷಿಸಲಿಲ್ಲ. ಉದ್ಘಾಟನೆಯ ಬೆಳಿಗ್ಗೆ ಚೌಕ ತುಂಬಿತ್ತು. ಬೋಗುಣಿಯ ಪಕ್ಕದಲ್ಲೇ ಪುರಸಭೆಯ ಅಧ್ಯಕ್ಷೆ, ಆಮೇಲೆ ಕುರ್ಚಿಗಳ ಸಾಲಿನಲ್ಲಿ ಅಮ್ಮ ಮತ್ತು ಗಣ್ಯರು, ಅವರ ಹಿಂದೆ ಬ್ಯಾಂಡಿನವರು, ಅದರಾಚೆ ಟ್ಯಾಕ್ಸಿಗಳು, ಕೊನೆಗೆ ಅಂಗಡಿಗಳ ಕಟ್ಟಡ. ಅಧ್ಯಕ್ಷೆ ಗುಂಡಿ ಒತ್ತಿದರು.

ಬಟ್ಟೆ ಹರಿದಂಥ ಸದ್ದಿನೊಂದಿಗೆ ನೀರು ಕೊಕ್ಕಿನಿಂದ ಹೊರಟಿತು. ಬೋಗುಣಿಯನ್ನು ಕಣ್ಣೆತ್ತಿಯೂ ನೋಡದೆ, ಎಲ್ಲರ ತಲೆಯ ಮೇಲೆ ಹಾದು ಹೋಯಿತು. ಒಂದು ಹನಿಯೂ ಕೆಳಗೆ ಬೀಳದ್ದರಿಂದ ಜನ ಚಪ್ಪಾಳೆ ತಟ್ಟಿದರು. ಗಾಳಿ ಒಂದಿಷ್ಟು ತಡೆದು ಎಂಬತ್ತು ಮೀಟರು ಅರವತ್ತಕ್ಕೆ ಇಳಿದಿತ್ತು. ಅರವತ್ತನೇ ಮೀಟರಿನಲ್ಲಿ, ಎರಡನೇ ಮಹಡಿಯಲ್ಲಿ, ಹಲ್ಲಿನ ವೈದ್ಯರ ಕಿಟಕಿ ತೆರೆದಿತ್ತು. ಒಳಗೆ ರೋಗಿಯೊಬ್ಬ ಬಾಯಿ ತೆರೆದು ಮಲಗಿದ್ದ. ಮುಕ್ಕಳಿಸಿ ಎಂದು ಹೇಳುವ ಕೆಲಸ ವೈದ್ಯರಿಗೆ ಉಳಿಯಲಿಲ್ಲ.

“ನಿಮ್ಮಣ್ಣನ ನೀರು ಎಲ್ಲಿಗೆ ಹೋಗ್ತಾ ಇದೆ?” ಎಂದು ಅಮ್ಮ ಕೇಳುವಷ್ಟರಲ್ಲಿ ತಂಗಿ ಪಂಪಿನ ಕೋಣೆಗೆ ಓಡಿದ್ದಳು. ಮೇಸ್ತ್ರಿ ಆಗಲೇ ಚಕ್ರ ಹಿಡಿದಿದ್ದ.

“ನಿಧಾನಕ್ಕೆ ತಿರುಗಿಸಿ,” ಎಂದಳು. “ಒಮ್ಮೆಲೇ ಮುಚ್ಚಿದರೆ ಪೈಪು ಒಡೆಯುತ್ತೆ.”

ಅವಳ ಮಾತು ಸರಿಯಾಗಿಯೇ ಇತ್ತು. ಆದರೆ ವೇಗ ತಗ್ಗಿದಂತೆ ನೀರು ಬೀಳುವ ಜಾಗ ಹಿಂದೆ ಹಿಂದೆ ಬರುತ್ತದೆ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ನೀರು ಕಿಟಕಿ ಬಿಟ್ಟು ಗೋಡೆಗೆ ಇಳಿಯಿತು, ಗೋಡೆಯಿಂದ ಟ್ಯಾಕ್ಸಿಗಳಿಗೆ ಬಂತು. ಬ್ಯಾಂಡಿನವರ ದೊಡ್ಡ ಕಹಳೆ ತುಂಬಿ ಗೊಳಗೊಳ ಎಂದಿತು. ಆಮೇಲೆ ಕುರ್ಚಿಗಳ ಸಾಲು. ಹಾಜರಿ ಕರೆಯುವ ಮೇಷ್ಟರಂತೆ ಅದು ಯಾರನ್ನೂ ಬಿಡದೆ ಒಬ್ಬೊಬ್ಬರನ್ನೇ ತೋಯಿಸುತ್ತ ಬಂತು. ಕೊನೆಗೆ ಅಧ್ಯಕ್ಷೆಯ ತಲೆಯ ಮೇಲೆ ಕ್ಷಣಕಾಲ ನಿಂತು, ಬೋಗುಣಿಗೆ ಬಿತ್ತು. ಅಲ್ಲಿಂದಾಚೆ ಮಾದರಿಯಲ್ಲಿದ್ದಂತೆಯೇ ಅಷ್ಟು ಚೆಂದವಾಗಿ ಬಾಗಿ ಬೀಳುತ್ತಲೇ ಇತ್ತು. ಆದರೆ ನೋಡೋಣವೆಂದರೆ ಯಾರೂ ಇನ್ನೂ ಕಣ್ಣು ಒರೆಸಿಕೊಂಡು ಮುಗಿಸಿರಲಿಲ್ಲ.

ಮನೆಯಲ್ಲಿ ಅಮ್ಮ ತಲೆ ಒರೆಸಿಕೊಳ್ಳುತ್ತ ಮಗಳ ಕಡೆ ತಿರುಗಿದಳು. “ಅವನ ನೀರು ನನ್ನ ತಲೆ ಮೇಲೆ ಹೋಯ್ತು, ಅದರ ಪಾಡಿಗೆ ಅದು. ನನ್ನನ್ನ ತೋಯಿಸಿದ್ದು ನೀನು.”

ತಂಗಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

“ಅವಳನ್ನ ಬೈಬೇಡಮ್ಮ,” ಎಂದ ಅಣ್ಣ, ನೆಲ ನೋಡುತ್ತ. “ಅವಳು ಆವತ್ತೇ ಹೇಳಿದ್ದಳು. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ.”

ಅಣ್ಣನ ಬಾಯಿಂದ ಇಂಥ ಮಾತನ್ನು ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ಅವನಿಗೊಂದು ಒಣ ಟವೆಲು ಕೊಟ್ಟಳು.

ಮುಂದಿನ ವಾರ ಅಣ್ಣ ಪ್ರಯೋಗಾಲಯಕ್ಕೆ ಬಂದ. ಕಂಕುಳಲ್ಲಿ ಹೊಸ ಮಾದರಿ, ಕೈಯಲ್ಲಿ ಹೊಸ ನೋಟ್‌ಬುಕ್ಕು. ಸ್ಟೂಲು ಎಳೆದುಕೊಂಡು ಕೂತು, ತಂಗಿ ಹೇಳಿದ್ದನ್ನೆಲ್ಲ ಬರೆದುಕೊಂಡ. ಪುಟ ತುಂಬಿದ ಮೇಲೆ ಕೇಳಿದ, “ಇಷ್ಟೇ ತಾನೇ?”

“ಇದು ಭೂಮಿಯ ಎಳೆತದ್ದು,” ಎಂದಳು ತಂಗಿ. “ನೀರಿನ ಅಂಟುಗುಣಕ್ಕೆ ಬೇರೆ ಸಂಖ್ಯೆ ಇದೆ.”

ಅಣ್ಣ ಒಮ್ಮೆ ಬಾಗಿಲ ಕಡೆ ನೋಡಿ, ನಿಟ್ಟುಸಿರಿಟ್ಟು, ಪುಟ ತಿರುವಿದ.