ಹಾಜರಿದ್ದ ನಾಲ್ವರು

"ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ. ಈ ಐದರಲ್ಲಿ ಒಂದು ಹೇಳಿಬಿಡಿ ಅಮ್ಮ," ಎಂದು ಮೀಟರಣ್ಣ ಎರಡನೇ ಸಲ ಓದಿದ.

ಟೈಲರಮ್ಮ ಯಂತ್ರದಿಂದ ಕಣ್ಣೆತ್ತಲಿಲ್ಲ. ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡು ಶಾಲೆಯ ಸಮವಸ್ತ್ರವೊಂದರ ಕಾಲರ್ ತಿರುವುತ್ತಿದ್ದಳು. ಕಾಲರ್ ಕೂತ ಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು.

"ಒಪ್ಪಬೇಕಾಗಿರೋದು ಯಾವುದನ್ನ? ಅದನ್ನ ಓದಿ."

"'ನನ್ನ ಬಡಾವಣೆಯ ನಿರ್ಧಾರಗಳಲ್ಲಿ ನನ್ನ ಮಾತಿಗೆ ಬೆಲೆ ಇದೆ.'"

"ಬಲವಾಗಿ ಒಪ್ಪುವುದಿಲ್ಲ ಅನ್ನೋದಕ್ಕಿಂತ ಮುಂದೆ ಏನೂ ಇಲ್ವಾ?"

"ಇಲ್ಲಮ್ಮ. ಅಲ್ಲಿಗೇ ಕೊನೆ."

"ಹಾಗಾದ್ರೆ ಅಲ್ಲೇ ಗುರುತು ಹಾಕಿ."

ಊರಿನ ಆಡಳಿತದಲ್ಲಿ ಜನ ಎಷ್ಟರ ಮಟ್ಟಿಗೆ ಭಾಗವಹಿಸುತ್ತಾರೆ ಎಂದು ಅಳೆಯಲು ನಗರಸಭೆ ನಡೆಸುತ್ತಿದ್ದ ಸಮೀಕ್ಷೆ ಅದು. ಮೂವತ್ತೊಂದು ಪ್ರಶ್ನೆ, ಒಂದು ಮನೆಗೆ ಇಪ್ಪತ್ತು ನಿಮಿಷ. ಮೀಟರಣ್ಣ ಇಪ್ಪತ್ತೆರಡು ವರ್ಷ ಮನೆ ಮನೆಯ ನೀರಿನ ಮೀಟರ್ ನೋಡಿ ಬರೆದುಕೊಂಡವನು. ತಾವೇ ಲೆಕ್ಕ ಕಳಿಸುವ ಹೊಸ ಮೀಟರುಗಳು ಬಂದ ಮೇಲೆ ಅವನ ಕೆಲಸ ಹೋಯಿತು. ಗೇಟು ತೆಗೆದು ಒಳಗೆ ಹೋಗುವುದು ಅಭ್ಯಾಸವಿದೆ, ನಾಯಿಗಳಿಗೆ ಹೆದರುವುದಿಲ್ಲ ಎಂಬ ಎರಡು ಅರ್ಹತೆಯ ಮೇಲೆ ಈ ಕೆಲಸಕ್ಕೆ ಕರೆದಿದ್ದರು. ಆದರೆ ಅವನು ತಿರುಗಿದ್ದೆಲ್ಲ ರೈಲುಹಳಿಯ ಆ ಕಡೆ. ಈ ಕಡೆಯ ಬೀದಿಗಳು ಇನ್ನೊಬ್ಬನ ಪಾಲಿಗಿದ್ದವು. ಇಲ್ಲಿ ಅವನ ಮುಖ ಯಾರಿಗೂ ಗೊತ್ತಿರಲಿಲ್ಲ.

"ಹದಿನೇಳನೇ ಪ್ರಶ್ನೆ. ಅಧಿಕಾರಿಗಳಿಗೆ ಯಾವತ್ತಾದ್ರೂ ಅರ್ಜಿ ಕೊಟ್ಟಿದ್ದೀರಾ?"

"ಕೊಟ್ಟಿದ್ದೀನಿ."

"ಎಷ್ಟು ಸಲ? ಒಂದು, ಎರಡು, ಮೂರು ಅಥವಾ ಹೆಚ್ಚು."

"ಇಪ್ಪತ್ತಾರು."

ಅವನು ತಲೆ ಎತ್ತಿದ. ಆಕೆ ಎದ್ದುಹೋಗಿ, ಕತ್ತರಿಸಿಟ್ಟ ಬಟ್ಟೆಯ ರಾಶಿಯ ಕೆಳಗಿಂದ ದಪ್ಪನೆಯ ಫೈಲೊಂದನ್ನು ತಂದು ಅವನ ತೊಡೆಯ ಮೇಲಿಟ್ಟಳು. ಎಲ್ಲ ಅರ್ಜಿಗಳ ನಕಲು, ಎಲ್ಲದರ ಮೂಲೆಯಲ್ಲೂ ಕಚೇರಿಯ ನೇರಳೆ ಮೊಹರು. ದುಂಡಗಿನ, ಒತ್ತಿ ಬರೆದ ಅಕ್ಷರ. ಮೇಲಿದ್ದುದನ್ನು ಅವನು ಓದಿದ. 'ನಮ್ಮ ಬಡಾವಣೆಯ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಮುಚ್ಚಲು ತೀರ್ಮಾನಿಸಿದ ಸಭೆಯಲ್ಲಿ ಹಾಜರಿದ್ದು, ಕೈ ಎತ್ತಿ ಒಪ್ಪಿಗೆ ಕೊಟ್ಟ ನಾಲ್ವರು ನಾಗರಿಕರು ಯಾರು ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.'

ಕೆಳಗಿನದೂ ಅದೇ. ಅದರ ಕೆಳಗಿನದೂ.

"ಮೊದಲನೇದರಲ್ಲಿ ಯಾಕೆ ಮುಚ್ಚಿದ್ರಿ ಅಂತ ಕೇಳಿದ್ದೆ," ಎಂದಳು ಟೈಲರಮ್ಮ. "ನಾಲ್ಕು ಜನ ನಾಗರಿಕರು ಸಭೆಗೆ ಬಂದಿದ್ರು, ಎಲ್ಲರೂ ಒಪ್ಪಿದ್ರು, ನಾವೇನು ಮಾಡೋಣ ಅಂತ ಉತ್ತರ ಬಂತು. ಹಾಗಾದ್ರೆ ಅವರು ಯಾರು ಅಂತ ಕೇಳ್ದೆ. ಅದಕ್ಕೆ ಉತ್ತರವೇ ಇಲ್ಲ."

"ನಿಮ್ಮನೇಲಿ ಯಾರಾದ್ರೂ..." ಎಂದು ಅವನು ಶುರು ಮಾಡಿ ನಿಲ್ಲಿಸಿದ.

"ಮಗಳು. ವಾರ್ಡ್ ಮುಚ್ಚಿ ಹತ್ತು ತಿಂಗಳಾಗಿತ್ತು. ಮೊದಲಾಗಿದ್ರೆ ಇಲ್ಲಿಂದ ನಡ್ಕೊಂಡೇ ಹೋಗಬಹುದಿತ್ತು, ಆ ತಿರುವು ದಾಟಿದ್ರೆ ಆಸ್ಪತ್ರೆ. ಊರಾಚೆಯ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೊರಟ್ವಿ. ರೈಲ್ವೆ ಗೇಟು ಹಾಕಿತ್ತು. ಒಂದು ರೈಲು ಹೋಯ್ತು, ಇನ್ನೊಂದು ಬರೋದಿದೆ ಅಂತ ತೆಗೀಲೇ ಇಲ್ಲ. ನಮ್ಮ ಗಾಡಿ ಸೀಟೆಲ್ಲ ರಕ್ತದಲ್ಲಿ ನೆನೆದುಹೋಗಿತ್ತು. ಗೇಟು ತೆಗೆಯೋ ಹೊತ್ತಿಗೆ ಇಬ್ಬರೂ ಇರಲಿಲ್ಲ."

ಆಕೆ ಅದನ್ನು ಅಳತೆ ಹೇಳುವ ಹಾಗೆ ಹೇಳಿದಳು.

ಗೇಟಿನಲ್ಲಿ ಬಸುರಿಯೊಬ್ಬಳು ಹೋದ ಸುದ್ದಿ ಮೀಟರಣ್ಣನ ಕಿವಿಗೂ ಬಿದ್ದಿತ್ತು. ಯಾರ ಮನೆಯವಳು ಎಂದು ಅವನು ವಿಚಾರಿಸಿರಲಿಲ್ಲ. ವಿಚಾರಿಸದೆ ಇರಲು ಸ್ವಲ್ಪ ಜಾಗ್ರತೆಯನ್ನೇ ವಹಿಸಿದ್ದ.

"ಅಕ್ಷರ ಯಾರದು?" ಎಂದ, ಏನಾದರೂ ಕೇಳಬೇಕಲ್ಲ ಎಂದು.

"ಪಕ್ಕದ್ಮನೆ ಮೇಷ್ಟ್ರದು. ನಂಗೆ ಬಟ್ಟೆ ಕತ್ತರಿಸೋದು ಗೊತ್ತು, ಬರೆಯೋದು ಅಷ್ಟಕ್ಕಷ್ಟೆ. ಅವರೇ ಬಂದು ಬರ್ಕೊಡ್ತಾರೆ, ಪಾಪ."

ಹದಿನೆಂಟನೇ ಪ್ರಶ್ನೆಯನ್ನು ಅವನು ಓಡಿಸಿದ. ಹತ್ತೊಂಬತ್ತನೆಯದರಲ್ಲಿ ಸಿಕ್ಕಿಬಿದ್ದ. "'ನಿಮ್ಮ ಅರ್ಜಿಗೆ ಕಾರಣವಾದ ನಿರ್ಧಾರ ಹೇಗೆ ಆಯಿತು ಎಂಬುದು ನಿಮಗೆ ಗೊತ್ತಿದೆಯೇ?'"

"ಗೊತ್ತಿಲ್ಲ ಅಂತ್ಲೇ ಅಲ್ವಾ ಇಷ್ಟು ಕಾಗದ," ಎಂದಳು ಆಕೆ. "ನಿಮಗೆ ಗೊತ್ತಾ?"

"ನಾನು ಬರೀ ಪ್ರಶ್ನೆ ಕೇಳೋನು ಅಮ್ಮ," ಎಂದು ಅವನು ಅದನ್ನು ಹಾಗೇ ಬಿಟ್ಟು, ಉಳಿದ ಪ್ರಶ್ನೆಗಳನ್ನು ಗಡಿಬಿಡಿಯಲ್ಲಿ ಮುಗಿಸಿ, ಫಾರಂ ಮಡಿಚಿ ಚೀಲಕ್ಕೆ ತುರುಕಿದ.

ಗೊತ್ತಿಲ್ಲದೆ ಏನು. ಮೂರು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಮೀಟರಿನ ಪುಸ್ತಕ ಒಪ್ಪಿಸಲು ಕಚೇರಿಗೆ ಹೋಗಿದ್ದ. ಗುಮಾಸ್ತ ಓಡೋಡಿ ಬಂದು ತೋಳು ಹಿಡಿದ. "ಬಾರೋ ಮಾರಾಯ, ನಾಲ್ಕು ಜನ ಇರಲೇಬೇಕು, ಒಬ್ಬ ಕಮ್ಮಿ ಇದ್ದಾನೆ. ಐದು ನಿಮಿಷ ಕೂತು ಎದ್ದು ಹೋಗು." ಸಭಾಂಗಣದಲ್ಲಿ ನೂರು ಕುರ್ಚಿ. ಮೂರರಲ್ಲಿ ಜನ. ಬೀದಿದೀಪದ ದೂರು ಹಿಡಿದು ಬಂದ ಒಬ್ಬ ಗಂಡಸು. ಪಿಂಚಣಿ ಕೊಡುವ ಕೋಣೆ ಇದೇ ಎಂದು ತಿಳಿದು ಕೂತಿದ್ದ ಒಬ್ಬ ಅಜ್ಜಿ. ಎದುರಿನ ಸಾಲಿನಲ್ಲಿ, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದ ಒಬ್ಬ ಮುದುಕ. ಅವರು ನಿವೃತ್ತ ಮೇಷ್ಟ್ರು ಎಂದು, ಊರಿನ ಸಭೆ ಒಂದನ್ನೂ ತಪ್ಪಿಸದ ಶಿಸ್ತಿನ ಮನುಷ್ಯ ಎಂದು ಗುಮಾಸ್ತ ಹೊಗಳಿ ಪರಿಚಯ ಮಾಡಿಸಿದ್ದ. ಯಾರೋ ಏನೋ ಓದಿದರು. ಒಪ್ಪಿಗೆ ಇರುವವರು ಕೈ ಎತ್ತಿ ಎಂದರು. ಕೊಟ್ಟ ಚಹಾ ಆರುವ ಮೊದಲೇ ಎಲ್ಲ ಮುಗಿದಿತ್ತು.

ಟೈಲರಮ್ಮನ ಮನೆಯಿಂದ ಬಂದ ಸಂಜೆ, ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನೆಲ್ಲ ಹೇಳಿದ. ಅವಳು ಲಾಂಡ್ರಿಯಲ್ಲಿ ಇಸ್ತ್ರಿಯ ಮುಂದೆ ಇಡೀ ದಿನ ನಿಂತು ಬಂದಿದ್ದಳು. ಕಾಲು ಚಾಚಿ ಕೂತು ಕೇಳಿದಳು.

"ನಿನ್ನೊಬ್ಬನ ಕೈಯಿಂದಲೇ ವಾರ್ಡ್ ಮುಚ್ಚಿತಾ?"

"ನಾನು ಕೂರದಿದ್ರೆ ಅವತ್ತು ಸಭೆಯೇ ಆಗ್ತಿರಲಿಲ್ಲ."

"ಅವತ್ತಲ್ಲದಿದ್ರೆ ಮಾರನೇ ದಿನ ಯಾರನ್ನೋ ಹಿಡ್ಕೊಂಡು ಬರೋರು. ಬೀದಿಲಿ ಹೋಗೋ ದಾಸಯ್ಯ ಸಿಕ್ತಿರಲಿಲ್ವಾ?" ಅವಳು ತಟ್ಟೆ ಎತ್ತಿಕೊಂಡು ಎದ್ದಳು. "ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ. ಹಾಗೇ ಇರು. ಆಯಮ್ಮಂಗೆ ಹೇಳಿ ನೀನು ಹಗುರ ಆಗಬಹುದು. ಆ ಭಾರ ಅವಳ ಮೇಲೆ ಬೀಳುತ್ತೆ, ಅದು ಗೊತ್ತಾ ನಿಂಗೆ?"

ಅದು ಅವನಿಗೆ ಹೊಳೆದಿರಲಿಲ್ಲ. ಹೌದೆನಿಸಿತು. ಹೇಳುವುದಿಲ್ಲ ಎಂದು ತೀರ್ಮಾನಿಸಿದ. ತೀರ್ಮಾನಿಸಿದ ಮೇಲೆ ಸ್ವಲ್ಪ ನೆಮ್ಮದಿಯೂ ಆಯಿತು.

ಮೂರನೇ ದಿನ ಸೂಪರ್‌ವೈಸರ್ ಆ ಫಾರಂ ವಾಪಸು ಕೊಟ್ಟ. ಇಪ್ಪತ್ತೈದರ ಹುಡುಗ. ಕೊರಳಲ್ಲಿ ಗುರುತಿನ ಚೀಟಿ, ಲ್ಯಾಪ್‌ಟಾಪಿನ ಮೇಲೆ ಬಿಸ್ಕತ್ತಿನ ಪುಡಿ.

"ಏನಣ್ಣ ಇದು? ಹದಿನೇಳರಲ್ಲಿ ಚೌಕದ ಆಚೆ ಇಪ್ಪತ್ತಾರು ಅಂತ ಬರ್ದಿದ್ದೀರ. ನಮ್ಮಲ್ಲಿ ಮೂರಕ್ಕೆ ಮುಗೀತು. ಮೂರಾದ್ರೂ ಒಂದೇ, ಮುನ್ನೂರಾದ್ರೂ ಒಂದೇ. ಹತ್ತೊಂಬತ್ತು ಖಾಲಿ ಇದೆ. ಖಾಲಿ ಇದ್ರೆ ಕಂಪ್ಯೂಟರ್ ತಗೊಳಲ್ಲ." ಮತ್ತೆ ಪರದೆ ನೋಡಿ ತಲೆದೂಗಿದ. "ಆದ್ರೂ ಸೂಪರ್ ಮನೆ ಹಿಡ್ದಿದ್ದೀರ. ಭಾಗವಹಿಸುವಿಕೆ ನೂರಕ್ಕೆ ತೊಂಬತ್ತೆರಡು! ಇಂಥವರು ಇನ್ನೊಂದು ಹತ್ತು ಜನ ಇದ್ದಿದ್ರೆ ನಮ್ಮ ಬಡಾವಣೆಯೇ ಊರಿಗೆ ಮೊದಲು."

"ಹತ್ತೊಂಬತ್ತನ್ನ ನೀವೇ ಏನೋ ಒಂದು ಹಾಕ್ಕೊಂಬಿಡಿ ಸಾರ್."

"ಛೆ, ಹಾಗೆಲ್ಲ ಮಾಡೋಕಾಗುತ್ತಾ? ಜನರ ಉತ್ತರ ಅಲ್ವಾ ಅದು."

ಟೈಲರಮ್ಮನ ಬಾಗಿಲು ತೆರೆದೇ ಇತ್ತು. ಅವನನ್ನು ನೋಡಿ ಆಕೆ ಗೋಡೆಯ ಬದಿಯ ಬೆಂಚಿನ ಮೇಲಿದ್ದ ಬಟ್ಟೆ ಸರಿಸಿದಳು. ಅವನು ಕೂರಲಿಲ್ಲ.

"ಮತ್ತೆ ಬಂದ್ರಿ?"

"ಒಂದು ಪ್ರಶ್ನೆ ಖಾಲಿ ಉಳಿದಿತ್ತು. ಹತ್ತೊಂಬತ್ತನೇದು."

"ಹೇಳಿದ್ನಲ್ಲ, ಗೊತ್ತಿಲ್ಲ ಅಂತ. ಬರ್ಕೊಳ್ಳಿ."

ಅಷ್ಟೇ ಬೇಕಾಗಿದ್ದುದು. ಒಂದು ಗುರುತು ಹಾಕಿ, ಬರ್ತೀನಮ್ಮ ಎಂದು ಹೊರಡಬಹುದಿತ್ತು. ಪೆನ್ನಿನ ಮುಚ್ಚಳ ತೆಗೆದ. ಚೌಕದ ಮೇಲೆ ಪೆನ್ನು ಊರಿದ. ಶಾಯಿಯ ಚುಕ್ಕೆ ದೊಡ್ಡದಾಗುತ್ತ ಹೋಯಿತೇ ಹೊರತು ಗುರುತು ಬೀಳಲಿಲ್ಲ.

"ಆ ಸಭೇಲಿ ನಾನಿದ್ದೆ ಅಮ್ಮ," ಎಂದುಬಿಟ್ಟ.

ಪೆಡಲಿನ ಮೇಲಿದ್ದ ಕಾಲು ನಿಂತಿತು. ಚಕ್ರ ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಆಕೆ ಅಂಗೈ ಒತ್ತಿ ಅದನ್ನೂ ನಿಲ್ಲಿಸಿದಳು.

"ಎಲ್ಲಿ ಕೂತಿದ್ರಿ?"

ಬೈಗುಳಕ್ಕೆ ಅವನು ತಯಾರಾಗಿದ್ದ. ಕತ್ತರಿ ಬೀಸಿದರೂ ಸರಿ ಎಂದುಕೊಂಡಿದ್ದ. ಇದಕ್ಕೆ ತಯಾರಿರಲಿಲ್ಲ.

"ಎರಡನೇ ಸಾಲು. ಕಿಟಕಿ ಪಕ್ಕ."

"ಎಷ್ಟು ಹೊತ್ತು ನಡೀತು?"

"ಎಲ್ಲ ಸೇರಿ ಕಾಲು ಗಂಟೆ. ಚರಂಡಿ, ಬೀದಿದೀಪ ಎಲ್ಲ ಬಂತು. ಇದು... ಎರಡು ನಿಮಿಷ ಇರಬಹುದು."

"ಓದಿ ಹೇಳಿದ್ರಾ?"

"ಓದಿದ್ರು. ಸೇವೆಗಳ ಏಕೀಕರಣ ಅಂತ ಓದಿದ್ರು."

"ಹೆರಿಗೆ ಅನ್ನೋ ಮಾತು ಇತ್ತಾ ಅದರಲ್ಲಿ?"

ಇರಲಿಲ್ಲ ಎಂದರೆ ನಡೆಯುತ್ತಿತ್ತು. ಅದು ಸುಳ್ಳು ಎನ್ನಲು ಅಲ್ಲಿ ಯಾರಿದ್ದರು? ಅವನು ಬಾಗಿಲ ಕಡೆ ನೋಡಿದ.

"ಇತ್ತು. ಕೇಳಿಸ್ತು."

"ಕೇಳಿಸ್ಕೊಂಡು ಎತ್ತಿದ್ರಾ?"

"ನಮ್ಮನೇಲಿ ಆ ವಯಸ್ಸಿನೋರು ಯಾರೂ ಇರಲಿಲ್ಲ ಅಮ್ಮ. ಬೇಗ ಮುಗಿದ್ರೆ ಸಾಕು ಅಂತಿತ್ತು."

ಟೈಲರಮ್ಮ ಬಹಳ ಹೊತ್ತು ಅವನ ಬಲಗೈಯನ್ನೇ ನೋಡಿದಳು. ಪೆನ್ನು ಹಿಡಿದಿದ್ದ ಆ ಕೈಯನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಮಿಕ್ಕವರು?"

ದೀಪದ ಗಂಡಸಿನ ಬಗ್ಗೆ ಹೇಳಿದ. ಅವನ ಹೆಸರು ಗೊತ್ತಿಲ್ಲ ಎಂದ. ಅಜ್ಜಿಯ ಬಗ್ಗೆ ಹೇಳಿದ. ಎಲ್ಲರೂ ಎತ್ತಿದರು ಅಂತ ಆಕೆಯೂ ಎತ್ತಿದ್ದು, ಆಮೇಲೆ ಪಿಂಚಣಿ ಯಾವಾಗ ಕೊಡ್ತೀರಿ ಅಂತ ಕೇಳಿದ್ದು. ಟೈಲರಮ್ಮನ ತುಟಿಯ ಕೊನೆ ಒಂದಿಷ್ಟು ಅಲುಗಿತು. ನಗುವೋ ಏನೋ.

"ನಾಲ್ಕನೆಯವರು?"

ಗೋಡೆಯ ಆ ಕಡೆ ಯಾರೋ ಕೆಮ್ಮಿದರು. ಮುದಿ ಕೆಮ್ಮು, ಎಳೆದೆಳೆದು.

"ನೆನಪಿಲ್ಲ," ಎಂದ ಮೀಟರಣ್ಣ.

"ಮೇಷ್ಟ್ರು," ಎಂದಳು ಆಕೆ.

ಅವನು ಬೆಂಚಿನ ಮೇಲೆ ಕೂತ.

"ಎರಡನೇ ಅರ್ಜಿ ಬರೆಯೋವಾಗ್ಲೇ ಗೊತ್ತಾಯ್ತು. 'ನಾಲ್ವರು' ಅಂತ ಬರೆಯೋಕೆ ಅರ್ಧ ಗಂಟೆ ತಗೊಂಡ್ರು. ನಲವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿದೋರು." ಆಕೆ ಬಟ್ಟೆಯಿಂದ ಪಿನ್ನು ಕಿತ್ತು ಡಬ್ಬಿಗೆ ಹಾಕತೊಡಗಿದಳು. "ಮಗಳಿಗೆ ಅಕ್ಷರ ಕಲಿಸಿದ್ದೂ ಅವರೇ. ಅವತ್ತು ಅವಳನ್ನ ಗಾಡಿಯಿಂದ ಇಳಿಸೋಕೆ ಒಂದು ಕಡೆ ಹಿಡ್ಕೊಂಡಿದ್ದೂ ಅವರೇ."

"ಗೊತ್ತಿದ್ದೂ ಅವರ ಕೈಲೇ ಬರೆಸ್ತಿದ್ದೀರಾ?"

"ಪ್ರತಿ ತಿಂಗಳು ಮೊದಲನೇ ಸೋಮವಾರ. ಕರೆಯೋದೂ ಬೇಡ, ಅವರೇ ಪೆನ್ನು ತಗೊಂಡು ಬರ್ತಾರೆ. ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಕಾಯ್ತೀನಿ. ಹೇಳಲ್ಲ. ಬರೆದು, ಒಂದ್ಸಲ ಗಟ್ಟಿಯಾಗಿ ಓದಿ, ಎದ್ದು ಹೋಗ್ತಾರೆ."

"ನೀವೇ ಕೇಳಬಹುದಿತ್ತಲ್ಲ."

"ಕೇಳಿದ್ರೆ ಮುಗಿದುಹೋಗುತ್ತೆ. ಅಳ್ತಾರೆ, ಕಾಲಿಗೆ ಬೀಳ್ತಾರೆ. ನಾನು ಏಳಿ ಅನ್ನಬೇಕು." ಡಬ್ಬಿಯ ಮುಚ್ಚಳ ಒತ್ತಿದಳು. "ಏಳಿ ಅಂತ ನಾನು ಅನ್ನಲ್ಲ."

ಹೊರಗೆ ಸೈಕಲ್ಲೊಂದು ಹೋಯಿತು. ಮೀಟರಣ್ಣನಿಗೆ ಹೆಂಡತಿಯ ಮಾತು ನೆನಪಾಯಿತು. ಇಲ್ಲಿ ಯಾವ ಭಾರವೂ ಒಬ್ಬರಿಂದ ಒಬ್ಬರಿಗೆ ಹೋಗುವ ಹಾಗೆ ಕಾಣಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದ. ಆಕೆ ಅದನ್ನು ಮೊದಲೇ ಕಂಡವಳಂತೆ ತಡೆದಳು.

"ಅದೆಲ್ಲ ಬೇಡ. ನಿಮ್ಮ ಅಕ್ಷರ ಹೇಗಿದೆ?"

"ಪರವಾಗಿಲ್ಲ. ಯಾಕೆ?"

"ಮೇಷ್ಟ್ರ ಕೈ ಈಚೆಗೆ ನಡುಗುತ್ತೆ. ಸೋಮವಾರ ನಾಲ್ಕು ಗಂಟೆಗೆ ಬನ್ನಿ." ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ಸೇರಿಸಿದಳು. "ಹತ್ತೊಂಬತ್ತಕ್ಕೆ ಗೊತ್ತು ಅಂತ ಹಾಕ್ಕೊಳ್ಳಿ."

ಅವನು ಹಾಕಿದ. ಕಂಪ್ಯೂಟರ್ ತಗೊಂಡಿತು.

ಆ ವಾರದ ಕೊನೆಗೆ ಸಮೀಕ್ಷೆ ಮುಗಿಯಿತು, ಅವನ ಕೆಲಸವೂ. ಸೋಮವಾರ ಮಧ್ಯಾಹ್ನ ಮುಖ ತೊಳೆದು ಅಂಗಿ ಬದಲಿಸುತ್ತಿದ್ದವನನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಹೇಳ್ಬಿಟ್ಟೆ ಅಂತಾಯ್ತು," ಎಂದಳು. ಅವನು ಅಂಗಿಯ ಗುಂಡಿ ಹಾಕಿಕೊಂಡ. ಅವಳು ಅವನ ಕಾಲರ್ ಸರಿಮಾಡಿ ಒಳಗೆ ಹೋದಳು.

ಟೈಲರಮ್ಮನ ಮನೆ ತಲುಪಿದಾಗ ಮೇಷ್ಟ್ರು ಆಗಲೇ ಬಂದು ಬೆಂಚಿನ ನಡುವೆ ಕೂತಿದ್ದರು. ಮೂಗಿನ ತುದಿಗೆ ಕನ್ನಡಕ, ಮಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಹಾಳೆ. ಹೊಸ್ತಿಲಲ್ಲಿ ನೆರಳು ಬಿದ್ದಿದ್ದಕ್ಕೆ ತಲೆ ಎತ್ತಿದರು. ಒಂದು ಗಳಿಗೆ ನೋಡಿದರು. ಗುರುತು ಸಿಕ್ಕಿದ್ದು ಅವರ ಮುಖದಲ್ಲಿ ಅಲ್ಲ, ಹಲಗೆ ಹಿಡಿದ ಬೆರಳುಗಳಲ್ಲಿ ಗೊತ್ತಾಯಿತು. ಮೀಟರಣ್ಣ ಒಳಗೂ ಬಾರದೆ ಹೊರಗೂ ಹೋಗದೆ ನಿಂತ.

ಟೈಲರಮ್ಮ ಪೆಡಲು ತುಳಿಯುತ್ತಲೇ ಇದ್ದಳು. "ಬರ್ಕೊಳ್ಳಿ. ಮಾನ್ಯರೇ," ಎಂದಳು.

ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ, ಹಾಳೆಯಿಂದ ಕಣ್ಣು ತೆಗೆಯದೆ, ಬೆಂಚಿನ ಆ ತುದಿಗೆ ಸರಿದು ಕೂತರು.