ಎದೆಯ ಮೇಲಿನ ಕಪ್ಪು ಪಟ್ಟಿ

ಪಟ್ಟಿ ಏಳುತ್ತಿದೆ, ಇಳಿಯುತ್ತಿದೆ, ಮಾವನ ಅಂಗಿಯ ಗುಂಡಿಗೆ ನಾನೇ ಕಟ್ಟಿದ ಕಪ್ಪು ಪಟ್ಟಿ, ಸತ್ತವರ ಎದೆ ಎಲ್ಲಾದರೂ ಹೀಗೆ ಕುಣಿಯುತ್ತದೆಯೇ, ಸಣ್ಣಗ ಉಸಿರಾಡ್ರಿ ಮಾವ, ಸಾಹೇಬ್ರು ನೋಡಾಕತ್ತಾರ, ಅಂದೆ, ಕಣ್ಣು ಮುಚ್ಚಿಕೊಂಡೇ ನಕ್ಕರು — ಇದು ಅಣಕು ಕವಾಯತು, ಬಾಗೇವಾಡಿಯ ಈ ಬಯಲಿಗೆ ಬಾಂಬು ಬಿದ್ದಿದೆ ಎಂದು ತಿಳಿಯಬೇಕಂತೆ, ಬಿದ್ದಿರುವುದು ಮೇ ತಿಂಗಳ ಬಿಸಿಲು ಮಾತ್ರ, ಕಿತ್ತಳೆ ಕೋಟಿನೊಳಗೆ ಬೇಯುತ್ತಿದ್ದೇನೆ, ರಾಜಶ್ರೀ, ನಾಗರಿಕ ರಕ್ಷಣೆಯ ಸ್ವಯಂಸೇವಕಿ, ಕೆಂಪು ಪಟ್ಟಿಯವರನ್ನು ಮೊದಲು ಎತ್ತಬೇಕು, ಹಳದಿಯವರು ಕಾಯಬಹುದು, ಕಪ್ಪು ಅಂದರೆ ಮುಗಿಯಿತು, ಅವರ ಕಡೆ ತಿರುಗಿಯೂ ನೋಡಬಾರದು, ತರಬೇತಿಯಲ್ಲಿ ಸಾಹೇಬರು ಅದನ್ನೇ ಹೇಳಿ ಹೇಳಿ ತಲೆ ತಿಂದರು. ಈ ಮಾವನಿಗೆ ಬಾ ಎಂದು ಯಾರು ಹೇಳಿದ್ದರು, ಕಾಂತು ಗಡಿ ಮ್ಯಾಲ ಬಂದೂಕು ಹಿಡದ ನಿಂತಾನ, ನಾ ಇಲ್ಲಿ ಸತ್ತಂಗ ಮಲಗಾಕೂ ಆಗೂದಿಲ್ಲೇನವ್ವ, ಎಂದು ಹೊಸ ರುಮಾಲು ಸುತ್ತಿಕೊಂಡು ಹೊರಟೇಬಿಟ್ಟರು, ನನ್ನ ಗಂಡನ ಫೋನು ಬಂದು ವಾರವಾಯಿತು, ಆ ಚಿಂತೆ ಮಾವ ಬಾಯಿಬಿಟ್ಟು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ, ಬಸ್ಸು ಹತ್ತುವಾಗ ಕಾಂತು ಹೇಳಿದ್ದು ಒಂದೇ ಮಾತು, ಅಪ್ಪನ್ನ ನೋಡ್ಕೊ.

ಸುನಂದಾಳ ಮುರಿಯದ ಕಾಲಿಗೆ ಬ್ಯಾಂಡೇಜು ಸುತ್ತುತ್ತಿದ್ದೇನೆ, ನಮ್ಮ ನೆರೆಮನೆಯವಳು, ಇವಳಿಗೆ ಕೆಂಪು ಪಟ್ಟಿ, ಕಿಸಿಕಿಸಿ ನಗುತ್ತಾಳೆ, ಕಚಗುಳಿ ಆಗತೈತಿ ಬಿಡ, ಸುಮ್ಮನಿರೇ, ಸಾಹೇಬರು ಈ ಕಡೆಯೇ — ಆಗ ಮಾವ ಕೈ ಎತ್ತಿದರು, ಅರ್ಧ ಮಾತ್ರ, ಸತ್ತ ಮನುಷ್ಯ ಕೈ ಎತ್ತಿದರೆ ಎಲ್ಲರ ಮುಂದೆ ಮಾನ ಹೋಗುವುದು ನನ್ನದು, ಅಳ್ಳಾಡಬ್ಯಾಡ್ರಿ ಮಾವ, ಸೈರನ್ ಆಗೂತನಕ ಅಂದ್ರ ಆಗೂತನಕ, ಕೂಗಿಯೇಬಿಟ್ಟೆ, ಕೈ ಇಳಿಯಿತು, ನನ್ನ ಮಾತನ್ನು ಅವರು ಎಂದೂ ಮೀರಿದವರಲ್ಲ. ಕವಾಯತು ಮುಗಿಯಿತು ಎನ್ನುವ ಸೈರನ್ ಯಾಕೆ ಇನ್ನೂ ಇಲ್ಲ, ಕರೆಂಟ್ ಹೋಗೈತ್ರಿ, ಜನರೇಟರ್ ತರಾಕ ಹೋಗ್ಯಾರ, ಯಾರೂ ಏಳಬ್ಯಾಡ್ರಿ, ಎಂದು ಯಾರೋ ಕೂಗುತ್ತಾರೆ, ಬೇವಿನ ನೆರಳು ಮಾವನನ್ನು ಬಿಟ್ಟು ಅತ್ತ ಸರಿದಿದೆ, ರುಮಾಲು ಮಣ್ಣಿಗೆ ಉರುಳಿದೆ, ಅದನ್ನು ಎಂದೂ ನೆಲಕ್ಕೆ ಬಿಟ್ಟವರಲ್ಲ, ಕೈ ಯಾಕೆ ಎತ್ತಿದರು, ನೀರು ಕೇಳಿದರೇ, ನನ್ನನ್ನು ಕರೆದರೇ, ಸಾಹೇಬರು ಮಾವನ ಬಳಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಎಲ್ಲಾರೂ ಬೀರಣ್ಣನ್ನ ನೋಡ್ರಿ, ಹೆಂಗ ಮಲಗ್ಯಾನ, ಖರೇನ ಸತ್ತಂಗ — ಜನ ನಗುತ್ತಾರೆ, ಸುನಂದಾಳೂ ನಗುತ್ತಾಳೆ, ಏಳ್ರಿ ಮಾವ, ಸಾಕು, ಎನ್ನಬೇಕು, ಹೆದರಿಕೆಯಾಗುತ್ತಿದೆ ಕಾಂತು, ಗಾಳಿಯಾದರೂ ಬೀಸಲಿ, ಸುಳ್ಳಿಗಾದರೂ ಒಮ್ಮೆ ಅಲ್ಲಾಡಲಿ, ನಾನೇ ಕಟ್ಟಿದ್ದು, ಗುಂಡಿಗೆ, ಗಂಟು ಹಾಕಿ, ಏಳುವುದಿಲ್ಲ, ಇಳಿಯುವುದಿಲ್ಲ, ಪಟ್ಟಿ, ಕಪ್ಪು ಪಟ್ಟಿ