ಅದ್ರಾಮನ ಒಂದು ಗಂಟೆ

"ಮಂಚದ ಮೇಲೆ ಬೇಡ! ಕೆಳಗೆ, ಚಾಪೆಯಲ್ಲಿ ಮಲಗಿಸಿ!"

ಜೈನಬಮ್ಮ ಹೀಗೆ ಕೂಗಿದ್ದೇ ಹಕೀಮನ ಕೈಯಿಂದ ಅಣ್ಣನ ಭುಜ ಜಾರುವುದೊಂದು ಬಾಕಿ. ಕಾಲಿನ ಕಡೆ ಹಿಡಿದಿದ್ದ ಪಕ್ಕದ ಮನೆಯ ರೂಪೇಶ ಕಕ್ಕಾಬಿಕ್ಕಿಯಾಗಿ ನಿಂತ. ಬೆಳಿಗ್ಗೆ ಎಂಟು ಗಂಟೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ಉಸಿರು ನಿಲ್ಲಿಸಿದ ಉಸ್ಮಾನನನ್ನು ಎರಡು ಹೆಜ್ಜೆ ಆಚೆಗಿನ ಮಂಚಕ್ಕೆ ಸಾಗಿಸುವ ಕೆಲಸ, ಅಷ್ಟೇ. ಮಂಚವೂ ಎಂಥದ್ದು! ತೇಗದ್ದು, ಆರಡಿ ಅಗಲದ್ದು. ದರ್ಬೆಯ ಆ ಬಡಾವಣೆಯಲ್ಲಿ ಅಂಥ ಇನ್ನೊಂದು ಮಂಚ ಇರಲಿಲ್ಲ.

"ಅತ್ತಿಗೆ, ಇಷ್ಟು ದೊಡ್ಡ ಮಂಚ ಇರುವಾಗ ಅಣ್ಣನನ್ನು ನೆಲದಲ್ಲಿ ಹಾಕುದಾ? ನೋಡಿದವರು ಎಂತ ಹೇಳ್ತಾರೆ?"

"ಎಂತ ಬೇಕಾದ್ರೂ ಹೇಳ್ಲಿ. ಇನ್ನೂ ಎಂಟೂವರೆ ಆಗ್ಲಿಲ್ಲ."

ಈ ಮಾತಿನ ತಲೆಬುಡ ಯಾರಿಗೂ ತಿಳಿಯಲಿಲ್ಲ. ಪಾಪ, ದುಃಖದಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದಾಳೆ ಎಂದುಕೊಂಡು ಚಾಪೆ ಬಿಡಿಸಿದರು. ಜೈನಬಮ್ಮ ಮಂಚದ ಕಡೆ ನೋಡಲಿಲ್ಲ. ನೋಡದೆಯೂ ಅವಳಿಗೆ ಗೊತ್ತಿತ್ತು. ಈ ಹೊತ್ತಿಗೆ ಗೋಡೆಯ ಕಡೆಯ ಮಗ್ಗುಲಲ್ಲಿ ಹಾಸಿಗೆ ಒಂದು ಆಳಿನ ಉದ್ದಕ್ಕೆ ತಗ್ಗಿರುತ್ತದೆ, ಕೈ ಇಟ್ಟರೆ ಬೆಚ್ಚಗಿರುತ್ತದೆ. ಗಂಡ ದುಬೈ ಬಿಟ್ಟು ಬಂದ ಈ ಎಂಟು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ.

ಮೊದಲಿಗೆ ಅವಳು ಗಂಡನನ್ನು ಗೇಲಿ ಮಾಡಿದ್ದುಂಟು. ರಾತ್ರಿಯಿಡೀ ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡಿದ್ದು ಬೆಳಗಿನ ಜಾವದ ಸುಬಹಿ ನಮಾಝ್ ಮುಗಿಸಿ ಮಲಗುವ ಮನುಷ್ಯ, ಏಳೂವರೆಗೆ ಯಾರೋ ಕಾಲಿನ ಹೆಬ್ಬೆರಳು ಹಿಡಿದು ಎಳೆದ ಹಾಗೆ ದಡಕ್ಕನೆ ಏಳುತ್ತಿದ್ದ. ಹಾಸಿಗೆ ಕೊಡವಿ, ತಲೆದಿಂಬು ತಿರುವಿ ಹಾಕಿ, ಕುರ್ಚಿಯಲ್ಲಿ ಹೋಗಿ ಕೂರುತ್ತಿದ್ದ. ಎಂಟೂವರೆಗೆ ಮತ್ತೆ ಬಂದು ಮಲಗುತ್ತಿದ್ದ. "ಎಂತದು ಮಾರಾಯ್ರೆ, ಮಂಚಕ್ಕೂ ರಜೆ ಕೊಡುದಾ?" ಎಂದು ಅವಳು ನಗುತ್ತಿದ್ದಳು. ಒಂದು ದಿನ ಆ ಹೊತ್ತಿನಲ್ಲಿ ಬಟ್ಟೆ ಮಡಚಲು ಮಂಚದ ಅಂಚಿನಲ್ಲಿ ಕೂತಾಗ, ಬೆನ್ನ ಹಿಂದೆ ಯಾರೋ ಮಗ್ಗುಲು ಬದಲಿಸಿದರು. ಕುರ್ಚಿಯಲ್ಲಿದ್ದ ಗಂಡ ತುಟಿಗೆ ಬೆರಳಿಟ್ಟು, ಗಲಾಟೆ ಮಾಡಬೇಡ ಎಂದು ಸನ್ನೆ ಮಾಡಿದ. ಅಂದಿನಿಂದ ಅವಳ ನಗು ನಿಂತಿತು.

ಈಗ ಅವಳು ಹಕೀಮನನ್ನು ಅಡುಗೆಮನೆಗೆ ಕರೆದು ಹೇಳಿದಳು.

"ಮಂಡೆಕೋಲಿಗೆ ಒಂದು ಕಾರು ಕಳಿಸು. ಅದ್ರಾಮನ ಮಗಳು ಸುಹರಾ ಅಂತ ಉಂಟು. ಅವಳು ಬರದೆ ನಿನ್ನ ಅಣ್ಣನ ಮಯ್ಯಿತ್ತ್ ಎತ್ತುದು ಬೇಡ."

"ಯಾವ ಅದ್ರಾಮ?"

"ದುಬೈಯಲ್ಲಿ ನಿನ್ನ ಅಣ್ಣನ ಹಾಸಿಗೆಯಲ್ಲಿ ಮಲಗ್ತಿದ್ದವ."

"ಛೆ ಛೆ, ಎಂತ ಮಾತು ಅತ್ತಿಗೆ!" ಎಂದು ಹಕೀಮ್ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ.

* * *

ಹಕೀಮನ ತಪ್ಪಲ್ಲ. ಊರಲ್ಲಿ ಅಂಗಡಿ ಇಟ್ಟುಕೊಂಡವನಿಗೆ ಆ ಶಹರದ ಲೆಕ್ಕಾಚಾರ ಹೇಗೆ ಗೊತ್ತಾಗಬೇಕು? ಅಲ್ಲಿ ಬಾಡಿಗೆ ಇಲ್ಲದ್ದು ಉಸಿರಾಡುವ ಗಾಳಿಗೆ ಮಾತ್ರ. ದುಬೈಯ ದೇರಾದ ಹಳೇ ಕಟ್ಟಡದ ಮೂರನೇ ಮಾಳಿಗೆಯ ಒಂದು ಕೋಣೆಯಲ್ಲಿ ಎಂಟು ಮಂಚ, ಹದಿನಾರು ಜನ. ಒಂದು ಇಡೀ ಮಂಚ ಹಿಡಿದರೆ ಊರಿಗೆ ಕಳಿಸಲು ಏನೂ ಉಳಿಯದು. ಹಾಗಾಗಿ ಒಂದು ಮಂಚಕ್ಕೆ ಎರಡು ಪಾಳಿ. ಉಸ್ಮಾನ್ ರಾತ್ರಿ ಬೇಕರಿಯ ಒಲೆಯ ಮುಂದೆ ಬೇಯುವವನು, ಅದ್ರಾಮ ಹಗಲು ತರಕಾರಿ ಮಾರ್ಕೆಟ್ಟಿನಲ್ಲಿ ಹೊರೆ ಹೊರುವವನು. ಬೆಳಿಗ್ಗೆ ಆರಕ್ಕೆ ಉಸ್ಮಾನ್ ಬಂದು ಅದ್ರಾಮನ ಹೆಬ್ಬೆರಳು ಎಳೆಯುತ್ತಿದ್ದ. ಅದ್ರಾಮ ಎದ್ದು, ಹಾಸಿಗೆ ಕೊಡವಿ, ತಲೆದಿಂಬು ತಿರುವಿ ಹಾಕಿ ಹೋಗುತ್ತಿದ್ದ. ಅಲ್ಲಿಯ ಆರು ಅಂದರೆ ನಮ್ಮ ಏಳೂವರೆ. ಒಂಬತ್ತು ವರ್ಷ ಒಬ್ಬರ ಬಿಸಿಯಲ್ಲಿ ಇನ್ನೊಬ್ಬರು ಮಲಗಿದರು. ಇಬ್ಬರೂ ಕೂತು ಒಂದು ಚಾ ಕುಡಿದದ್ದಿಲ್ಲ.

ಒಂದು ಬೆಳಿಗ್ಗೆ ಹೆಬ್ಬೆರಳು ಸುಡುತ್ತಿತ್ತು.

"ಮೈಗೆ ಹುಷಾರಿಲ್ಲ ಉಸ್ಮಾನಾ. ಇವತ್ತೊಂದು ಗಂಟೆ ಬಿಡು."

ರಾತ್ರಿ ಬೇಕರಿಯಲ್ಲಿ ಒಬ್ಬ ಬಂದಿರಲಿಲ್ಲ, ಅವನ ಕೆಲಸವೂ ಉಸ್ಮಾನನ ತಲೆಗೆ ಬಿದ್ದಿತ್ತು. ಕಣ್ಣು ಉರಿಯುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ.

"ಈಗ ನನ್ನ ಪಾಳಿ. ಬಾಡಿಗೆ ನಾನೂ ಕೊಡುದಲ್ವಾ?"

ಅದ್ರಾಮ ಎದ್ದ. ಆ ಜ್ವರದಲ್ಲೂ ತಲೆದಿಂಬು ತಿರುವಿ ಹಾಕಿದ. ಹೊರಗೆ ಹೋಗಿ ಮೆಟ್ಟಿಲಲ್ಲಿ ಕೂತ. ಜ್ವರ ಹೀರಿಕೊಂಡ ಆ ಹಾಸಿಗೆಯಲ್ಲಿ ಉಸ್ಮಾನ್ ಮಧ್ಯಾಹ್ನ ಎರಡು ಗಂಟೆಯವರೆಗೆ ಸತ್ತ ಹಾಗೆ ಮಲಗಿದ. ಅಷ್ಟು ಒಳ್ಳೆಯ ನಿದ್ದೆ ಅವನಿಗೆ ಹಿಂದೆಂದೂ ಬಂದಿರಲಿಲ್ಲ. ಎದ್ದು ಬಂದಾಗ ಮೆಟ್ಟಿಲು ಖಾಲಿ. ಏಳು ಗಂಟೆಗೇ ಅದ್ರಾಮನ ಜೀವ ಹೋಗಿತ್ತು, ಹೆಣ ಸಾಗಿಸಿಯೂ ಆಗಿತ್ತು. ಮಂಡೆಕೋಲಿಗೆ ಮಾತ್ರ, ನಿದ್ದೆಯಲ್ಲೇ ಹೋದ ಎಂಬ ಸುದ್ದಿ ಮುಟ್ಟಿತು. ಹಾಗೆ ಹೇಳಿ ಕಳಿಸಿದವನು ಉಸ್ಮಾನನೇ. ಮೂರನೇ ದಿನ ಆ ಅರ್ಧ ಮಂಚಕ್ಕೆ ಹೊಸಬ ಬಂದ.

ಇದಿಷ್ಟನ್ನೂ ಉಸ್ಮಾನ್ ಹೆಂಡತಿಯ ಹತ್ತಿರ ಹೇಳಿದ್ದು ಕಳೆದ ಶುಕ್ರವಾರ.

"ನೀವೇ ಹೋಗಿ ಅವನ ಮಗಳ ಹತ್ರ ಮಾಫ್ ಕೇಳ್ಬಹುದಿತ್ತಲ್ವಾ?"

"ಎರಡು ಸಲ ಮಂಡೆಕೋಲಿನವರೆಗೆ ಹೋಗಿ ವಾಪಸು ಬಂದೆ ಜೈನಬಾ. ಮುಖ ಇಲ್ಲ. ನಾನು ತೀರಿಹೋದ್ರೆ ನೀನು ಕೇಳು. ಇಲ್ಲದಿದ್ರೆ ಖಬರಿನ ಮಣ್ಣಿನಡಿಯಲ್ಲೂ ಅವ ನನ್ನನ್ನು ಮಲಗ್ಲಿಕ್ಕೆ ಬಿಡ್ಲಿಕ್ಕಿಲ್ಲ."

* * *

ಸುಹರಾ ಬಂದಾಗ ಮೂರು ಗಂಟೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದೇ ಕಾರು ಹತ್ತಿದ್ದಳು. ಉಸ್ಮಾನನಿಗೆ ಸ್ನಾನ ಮಾಡಿಸಿ ಬಿಳಿ ಕಫನ್ ಬಟ್ಟೆ ಹೊದಿಸಿ ಆಗಿತ್ತು. ಜೈನಬಮ್ಮ ಅವಳನ್ನು ಮಂಚವಿದ್ದ ಒಳಕೋಣೆಗೆ ಕರೆದು, ಬಾಗಿಲು ಹಾಕಿ, ಏನನ್ನೂ ಮುಚ್ಚಿಡದೆ ಹೇಳಿದಳು.

ಸುಹರಾ ಹಿಡಿದದ್ದು ಒಂದೇ ಮಾತು.

"ಹಾಗಾದ್ರೆ ಉಪ್ಪ ನಿದ್ದೆಯಲ್ಲಿ ಹೋದದ್ದಲ್ಲ."

"ಅಲ್ಲ ಮೋಳೆ. ಮೆಟ್ಟಿಲಲ್ಲಿ."

"ನನ್ನ ಉಮ್ಮ ಸಾಯುವವರೆಗೆ ಅದೊಂದನ್ನೇ ಹೇಳ್ತಿದ್ರು. ನಿದ್ದೆಯಲ್ಲಿ ಹೋದ್ರು, ಅಷ್ಟಾದ್ರೂ ಸುಖ ಸಿಕ್ಕಿತು ಅಂತ." ಅವಳು ಜೈನಬಮ್ಮನ ಕಡೆ ತಿರುಗಿದಳು. "ಅದನ್ನೂ ತಕ್ಕೊಂಡ್ರಲ್ಲಾ ನೀವು."

ಜೈನಬಮ್ಮ ಅವಳ ಕಾಲು ಹಿಡಿಯಲು ಬಗ್ಗಿದಳು. ಸುಹರಾ ಹಿಂದೆ ಸರಿದಳು.

"ಹೀಗೆಲ್ಲ ಮಾಡ್ಬೇಡಿ ಉಮ್ಮಾ. ನಾನು ಮಾಫ್ ಮಾಡಿ ಎಂತ ಪ್ರಯೋಜನ? ಅವರು ಎಬ್ಬಿಸಿದ್ದು ನನ್ನನ್ನಲ್ಲವಲ್ಲ." ಮಂಚ ನೋಡಿದಳು. "ಇದೇ ಮಂಚವಾ ನೀವು ಹೇಳಿದ್ದು?"

"ಇದೇ."

ಸುಹರಾ ಗೋಡೆಯ ಕಡೆಯ ಮಗ್ಗುಲನ್ನು ಅಂಗೈಯಿಂದ ಮೆಲ್ಲಗೆ ಸವರಿದಳು. ಕೈ ಹಿಂದಕ್ಕೆ ತೆಗೆಯಲಿಲ್ಲ, ಹೆದರಲೂ ಇಲ್ಲ. ಬುರ್ಖಾ ಕಳಚಿಟ್ಟು, ಆ ಜಾಗ ಬಿಟ್ಟು, ಈಚೆ ಬದಿಗೆ ಮುದುಡಿ ಮಲಗಿದಳು.

"ದಿನಾ ಅವರೇ ಬಂದು ತಕ್ಕೊಳ್ಳುದು ಬೇಡ. ಇವತ್ತು ನೀವಾಗಿ ಕೊಡಿ. ಒಂದು ಗಂಟೆ. ಯಾರೂ ಎಬ್ಬಿಸ್ಬಾರ್ದು, ಸ್ವಲ್ಪವೂ ಶಬ್ದ ಆಗ್ಬಾರ್ದು. ಎದ್ದ ಮೇಲೆ ಮಾಫ್ ಹೇಳ್ತೇನೆ. ಉಪ್ಪನ ಲೆಕ್ಕದಲ್ಲಿ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಮುಚ್ಚಿತ್ತು.

ಅಂಗಳದಲ್ಲಿ ಹಕೀಮ್ ಅವಸರ ಮಾಡುತ್ತಿದ್ದ. ಜನ ಸಾಲುಗಟ್ಟಿ ನಿಂತಿದ್ದರು, ನಾಲ್ವರು ಜನಾಝಕ್ಕೆ ಹೆಗಲು ಕೊಟ್ಟು ಎತ್ತಿಯೂ ಆಗಿತ್ತು. ಆಗ ಬಾಗಿಲಿಗೆ ಜೈನಬಮ್ಮ ಬಂದು ನಿಂತಳು. ಗಂಡ ಸತ್ತ ಮೇಲೆ ಮರೆಯಲ್ಲಿ ಇದ್ದತ್ ಕೂರಬೇಕಾದ ಹೆಂಗಸು ಅಷ್ಟು ಗಂಡಸರ ಎದುರು ಹೀಗೆ ಬಂದು ನಿಂತದ್ದನ್ನು ಯಾರೂ ಕಂಡವರಲ್ಲ. ಕೆಲವರು ಮುಖ ತಿರುಗಿಸಿದರು.

"ಒಂದು ಗಂಟೆ ಬಿಡಿ," ಎಂದಳು.

"ಅತ್ತಿಗೆ, ಒಳಗೆ ಹೋಗಿ! ಸಂಜೆಯ ಅಸರ್ ನಮಾಝಿಗೆ ಮಸೀದಿ ಮುಟ್ಬೇಡ್ವಾ?"

"ನಿನ್ನ ಅಣ್ಣ ಬಿಡ್ಲಿಲ್ಲ. ನೀವಾದ್ರೂ ಬಿಡಿ."

"ಮಯ್ಯಿತ್ತನ್ನು ಬಿಸಿಲಿನಲ್ಲಿ ಕಾಯಿಸ್ಲಿಕ್ಕೆ ನಿಮಗೆ ತಲೆ ಸರಿ ಉಂಟಾ?" ಹಕೀಮನ ದನಿ ಬೀದಿಗೆ ಕೇಳುವಷ್ಟು ಏರಿತ್ತು.

ಆಗಲೇ ಒಳಕೋಣೆಯಿಂದ ಗೊರಕೆ ಕೇಳಿಸಿದ್ದು.

ನಿಧಾನದ, ಎದೆ ತುಂಬಿದ ಗೊರಕೆ. ದಿನವಿಡೀ ಹೊರೆ ಹೊತ್ತು ಬಂದ ಗಂಡಸಿನದು. ಹಕೀಮ್ ಮೊದಲು ಕಫನಿನೊಳಗಿದ್ದ ಅಣ್ಣನ ಕಡೆ ನೋಡಿದ. ಆಮೇಲೆ ಅತ್ತಿಗೆಯ ಕಡೆ.

"ಒಳಗೆ ಯಾರುಂಟು?"

"ಅದ್ರಾಮನ ಮಗಳು."

"ಇದು..." ಎಂದು ಹಕೀಮ್ ಕಿಟಿಕಿಗೆ ಕಿವಿಗೊಟ್ಟ.

ಹೆಗಲು ಕೊಟ್ಟಿದ್ದ ನಾಲ್ವರು ಜನಾಝವನ್ನು ಕಿಟಿಕಿಯ ಪಕ್ಕದ ನೆರಳಿಗೆ, ಒಂದಿಷ್ಟೂ ಸದ್ದಾಗದ ಹಾಗೆ ಇಳಿಸಿದರು. ಯಾರದೋ ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟಿತು, ಅವನು ಅದನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದ. ಗೇಟಿನಾಚೆ ಇನ್ನೊಂದು ಜೀಪು ತುಂಬ ಜನ ಸುಳ್ಯದಿಂದ ಬಂದು ಇಳಿಯುತ್ತಿದ್ದರು. ಹಕೀಮ್ ಚಪ್ಪಲಿ ಕಳಚಿಟ್ಟು, ಕಾದ ನೆಲದಲ್ಲಿ ಬರಿಗಾಲಲ್ಲಿ, ತುದಿಬೆರಳಿನ ಮೇಲೆ ಅವರತ್ತ ಓಡಿದ.

"ಶ್... ಬಾಗಿಲು ಬಡಿಯಬೇಡಿ ಮಾರಾಯ್ರೆ," ಎಂದ ಪಿಸುದನಿಯಲ್ಲಿ. "ಒಳಗೆ ಮಲಗಿದ್ದಾರೆ."